ವಾಟರ್‌ಪ್ರೂಫ್ ಅಂತ ನಂಬಿ ಹೈಕಿಂಗ್ ಬೂಟಲ್ಲಿ ಫ್ಲ್ಯಾಟ್ ಪೆಡಲ್ ತುಳಿಯಬೇಡಿ

ಇಂಗ್ಲೆಂಡಿನಲ್ಲಿ ಮೌಂಟನ್ ಬೈಕ್ ಓಡಿಸುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಈ ಸಲ ಚಳಿಗಾಲದಲ್ಲೂ ಸೈಕಲ್ ಮೂಲೆಗೆ ನಿಲ್ಲಿಸೋದು ಬೇಡ ಅಂದುಕೊಂಡಿರುವವರಿಗೆ. ನಿಮ್ಮದು ಫ್ಲ್ಯಾಟ್ ಪೆಡಲ್ (ಕ್ಲಿಪ್ ಇಲ್ಲದ, ಮೇಲೆ ಪುಟ್ಟ ಪಿನ್ನುಗಳಿರುವ ಚಪ್ಪಟೆ ಪೆಡಲ್) ಆಗಿದ್ದು, ಅಂಗಡಿಯವರು ‘ಇದು ವಾಟರ್‌ಪ್ರೂಫ್, ಸೈಕಲ್ಲಿಗೂ ಆಗುತ್ತೆ’ ಅಂತ ಹೈಕಿಂಗ್ ಬೂಟು ತೋರಿಸಿದರೆ ದುಡ್ಡು ಕೊಡಬೇಡಿ. ನಾನು 150 ಪೌಂಡ್ ಕೊಟ್ಟೆ. ಮಂಡಿ ಕೆಳಗೆ ಪೆಡಲ್ ಪಿನ್ನುಗಳ ಗುರುತು ಇನ್ನೂ ಮಾಸಿಲ್ಲ.

ನಾನಿರುವುದು ಶೆಫೀಲ್ಡ್‌ನಲ್ಲಿ. ಪೀಕ್ ಡಿಸ್ಟ್ರಿಕ್ಟ್ ಅನ್ನುವ ಬೆಟ್ಟದ ಸೀಮೆ ಪಕ್ಕದಲ್ಲೇ ಇದೆ. ನವೆಂಬರ್ ಬಂತೆಂದರೆ ಬೆಟ್ಟದ ಮೇಲೆ ಮಧ್ಯಾಹ್ನವೂ ಮೂರು ನಾಲ್ಕು ಡಿಗ್ರಿ ಇರುತ್ತೆ. ಮಳೆ ನಮ್ಮ ಮಲೆನಾಡಿನಷ್ಟು ಜೋರಾಗಿ ಹೊಡೆಯಲ್ಲ, ಆದರೆ ನೆಲ ಒಣಗುವ ಮಾತೇ ಇಲ್ಲ. ಊರಲ್ಲಿ ಆಗುಂಬೆ ಮಳೆಗೆ ಫ್ಲೋಟರ್ಸ್ ಹಾಕಿಕೊಂಡು ದಿನವಿಡೀ ನೆಂದರೂ ಕಾಲಿಗೆ ಏನೂ ಅನ್ನಿಸುತ್ತಿರಲಿಲ್ಲ. ಇಲ್ಲಿ ಸಾಕ್ಸ್ ಒದ್ದೆಯಾದ ಸ್ವಲ್ಪ ಹೊತ್ತಿಗೇ ಬೆರಳು ಇದೆಯೋ ಇಲ್ಲವೋ ಗೊತ್ತಾಗಲ್ಲ. ಅದಕ್ಕೇ ಒಂದು ಒಳ್ಳೆ ಬೂಟು ಹುಡುಕಿದ್ದು.

ಅಂಗಡಿಯ ಹೆಸರು ಬೇಡ ಬಿಡಿ. ಕೊಳ್ಳುವ ಮೊದಲು ಅವರ ಚಾಟ್‌ನಲ್ಲಿ ಬಿಡಿಸಿ ಕೇಳಿದ್ದೆ. ನನ್ನದು ಫ್ಲ್ಯಾಟ್ ಪೆಡಲ್, ಶೂ ಸಿಕ್ಕಿಸಿಕೊಳ್ಳುವ ಕ್ಲಿಪ್ ಇಲ್ಲ, ಈ ಸೋಲ್‌ಗೆ ಗ್ರಿಪ್ ಸಿಗುತ್ತಾ ಅಂತ. ‘ಧಾರಾಳವಾಗಿ, ನಮ್ಮ ಸ್ಟಾಫೇ ಇದನ್ನ ಹಾಕಿಕೊಂಡು ರೈಡ್ ಮಾಡ್ತಾರೆ’ ಅಂತ ಉತ್ತರ ಬಂತು. ಯಾವ ಸ್ಟಾಫೋ, ಎಲ್ಲಿ ಓಡಿಸುತ್ತಾರೋ!

ಹಾಕಿಕೊಂಡು ಹೋಗಿದ್ದು ಕಟ್ ಗೇಟ್ ಅನ್ನುವ ಹಾದಿಗೆ. ಲ್ಯಾಂಗ್‌ಸೆಟ್ ಕಡೆಯಿಂದ ಬೆಟ್ಟ ಹತ್ತಿ ಡರ್ವೆಂಟ್ ಕಣಿವೆಯ ಸ್ಲಿಪರಿ ಸ್ಟೋನ್ಸ್ ಅನ್ನುವಲ್ಲಿಗೆ ಇಳಿಯುವ ಹಳೇ ದಾರಿ ಅದು. ಬ್ರೈಡಲ್‌ವೇ, ಅಂದರೆ ಕುದುರೆ ಸವಾರರಿಗೂ ಬಿಟ್ಟ ದಾರಿ, ಆದ್ದರಿಂದ ಸೈಕಲ್ ಓಡಿಸಬಹುದು. ಕೆಳಗೊಂದು ಕಲ್ಲಿನ ಸೇತುವೆ ಇದೆ. ಲೇಡಿಬವರ್ ಅಣೆಕಟ್ಟಿಗೆ ಮುಳುಗಿದ ಡರ್ವೆಂಟ್ ಹಳ್ಳಿಯಲ್ಲಿದ್ದ ಸೇತುವೆ, ಕಲ್ಲು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಶರಾವತಿ ಮುಳುಗಡೆಯ ಕಥೆ ಕೇಳಿ ಬೆಳೆದವರು ಅಲ್ಲಿ ಒಂದು ನಿಮಿಷ ನಿಲ್ಲದೆ ಹೋಗಲ್ಲ. ಇರಲಿ, ಬೂಟಿನ ವಿಷಯಕ್ಕೆ ಬರುತ್ತೇನೆ.

ಬೆಟ್ಟದ ತಲೆಯ ಮೇಲೆಲ್ಲ ಪೀಟ್, ಅಂದರೆ ಗಿಡಗಂಟಿ ಕೊಳೆತು ಆದ ಕಪ್ಪು ಕೆಸರು. ಎಷ್ಟು ಆಳ ಅಂತ ನೋಡಿದರೆ ಗೊತ್ತಾಗಲ್ಲ. ಒಂದು ಕಡೆ ಮುಂದಿನ ಚಕ್ರ ಹೂತಿತು, ಕಾಲು ಕೆಳಗಿಟ್ಟೆ. ಕೆಸರುನೀರು ಬೂಟಿನ ಬಾಯಿ ದಾಟಿ ಒಳಗಿಳಿಯಿತು. ಆಮೇಲೆ ಪ್ರತಿ ಸಲ ಪೆಡಲ್ ತುಳಿದಾಗಲೂ ಒಳಗೆ ಪಚಕ್ ಪಚಕ್. ವಾಟರ್‌ಪ್ರೂಫ್ ಬೂಟಿನೊಳಗಿರುವ ಗೋರ್-ಟೆಕ್ಸ್ ತರಹದ ಪೊರೆ ಬೆವರಿನ ಆವಿಯನ್ನು ಹೊರಗೆ ಬಿಡುತ್ತೆ, ನೀರಿನ ಹನಿಯನ್ನು ಬಿಡಲ್ಲ. ಒಳಗೆ ಸೇರಿದ ನೀರಿಗೂ ಅದೇ ಗತಿ. ಮಾಮೂಲಿ ಜಾಳಿಗೆಯ ಶೂ ಆಗಿದ್ದರೆ ನಾಲ್ಕು ಹೆಜ್ಜೆಗೆ ನೀರು ಸೋರಿಹೋಗುತ್ತಿತ್ತು. ಇದು ಬಿಂದಿಗೆ ಥರ ತುಂಬಿಕೊಂಡು ಕೂತಿತು. ಕಟ್ಟೆ ಮೇಲೆ ಕೂತು ಬೂಟು ಬೋರಲು ಹಾಕಿ, ಸಾಕ್ಸ್ ಹಿಂಡಿ ಮತ್ತೆ ಹಾಕಿಕೊಂಡೆ. ಬೆರಳುಗಳು ಆಗಲೇ ಮರಗಟ್ಟಿದ್ದವು.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ತೊಂದರೆ ಇಳಿಜಾರಿನಲ್ಲಿ ಶುರುವಾಯಿತು. ಕ್ರ್ಯಾನ್‌ಬೆರಿ ಕ್ಲಫ್ ಕಡೆಗೆ ಇಳಿಯುವಾಗ ಬರೀ ಕಲ್ಲು. ಹಿಂದಿನ ಚಕ್ರ ಒಂದು ಕಲ್ಲಿಗೆ ಬಡಿದು ಎಗರಿತು, ಬಲಗಾಲು ಪೆಡಲ್ ಬಿಟ್ಟು ಮೇಲೆದ್ದಿತು. ಪೆಡಲ್ ಗಿರ್ರನೆ ತಿರುಗಿ ಪಿನ್ನುಗಳ ಸಾಲು ಪೂರ್ತಿ ಮಂಡಿ ಕೆಳಗಿನ ಮೂಳೆಗೆ ಬಂದು ಬಡಿಯಿತು. ಪ್ಯಾಂಟ್ ಹರಿದು ಚರ್ಮದಲ್ಲಿ ಸಾಲಾಗಿ ತೂತು, ಒಂದು ಕಡೆ ಉದ್ದಕ್ಕೆ ಸೀಳು. ಗಾಯದೊಳಗೆ ಆ ಕಪ್ಪು ಕೆಸರು. ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳಿದ್ದೇ ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ.

ಯಾಕೆ ಜಾರಿತು? ಫ್ಲ್ಯಾಟ್ ಪೆಡಲ್‌ನಲ್ಲಿ ಕಾಲನ್ನು ಹಿಡಿದಿಡುವುದು ಆ ಪುಟ್ಟ ಪಿನ್ನುಗಳು ಮತ್ತು ಸೋಲಿನ ಮೆತ್ತನೆ ರಬ್ಬರ್, ಅಷ್ಟೇ. ಪಿನ್ ರಬ್ಬರಿನೊಳಗೆ ಒತ್ತಿಕೊಂಡರೆ ಕಾಲು ಕದಲಲ್ಲ. ಅದಕ್ಕೇ ಫ್ಲ್ಯಾಟ್ ಪೆಡಲಿನ ಶೂಗಳ ಸೋಲ್ ಚಪ್ಪಟೆಯಾಗಿ, ಮೇಲುಮೇಲೆ ಚುಕ್ಕಿ ಚುಕ್ಕಿಯಾಗಿರುತ್ತೆ. ಫೈವ್ ಟೆನ್ ಅನ್ನುವ ಕಂಪನಿ ಬಂಡೆ ಹತ್ತುವವರ ಶೂಗೆ ಮಾಡಿದ ಅಂಟುವ ರಬ್ಬರನ್ನೇ ಸೈಕಲ್ ಶೂಗೂ ತಂದಿತು, ಅದರಿಂದಲೇ ಹೆಸರು ಮಾಡಿತು. ಹೈಕಿಂಗ್ ಬೂಟಿನದು ಬೇರೆಯೇ ಲೆಕ್ಕ. ಕೆಸರಲ್ಲಿ ನಡೆಯೋಕೆ ಅಂತ ದಪ್ಪ ದಪ್ಪ ಹಲ್ಲು, ನಡುವೆ ಆಳದ ಸಂದು. ಕೆಲವು ಪಿನ್ ಸಂದಿಗೆ ಬಿದ್ದು ಏನನ್ನೂ ಹಿಡಿಯಲ್ಲ, ಕೆಲವು ಹಲ್ಲಿನ ಅಂಚಿಗೆ ತಾಗಿ ಕಾಲನ್ನು ಓರೆ ಮಾಡುತ್ತವೆ. ಸಂದಿಗೆ ಕೆಸರು ತುಂಬಿತೋ, ಪಿನ್ನಿಗೆ ಸಿಗುವುದು ಬರೀ ಕೆಸರು. ಮೇಲಾಗಿ ಆ ರಬ್ಬರ್ ಬಾಳಿಕೆಗೆ ಮಾಡಿದ ಗಟ್ಟಿ ರಬ್ಬರ್, ಚಳಿಗೆ ಇನ್ನೂ ಬಿಗಿಯಾಗುತ್ತೆ. ಸೋಲ್ ದಪ್ಪವಾದಷ್ಟೂ ಪೆಡಲ್ ಮೇಲೆ ಕಾಲು ಎಲ್ಲಿದೆ ಅನ್ನುವ ಅಂದಾಜೂ ಸಿಗಲ್ಲ.

ಹಾಗಂತ ಅಂಗಡಿಯಲ್ಲಿ ‘ವಿಂಟರ್ ಸೈಕ್ಲಿಂಗ್ ಬೂಟ್’ ಅಂತ ನೇತುಹಾಕಿರುವುದನ್ನೆಲ್ಲ ನಂಬಬೇಡಿ. ಅವುಗಳಲ್ಲಿ ಜಾಸ್ತಿ ಕ್ಲಿಪ್ ಪೆಡಲಿನವು. ತಿರುಗಿಸಿ ನೋಡಿ, ಸೋಲ್ ನಡುವೆ ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ ಕೊಂಡಿ) ಕೂರಿಸುವ ಜಾಗ ಇದ್ದರೆ ವಾಪಸ್ ಇಡಿ. ಫ್ಲ್ಯಾಟ್ ಪೆಡಲಿಗೆ ಅಂತಲೇ ಮಾಡಿದ ವಾಟರ್‌ಪ್ರೂಫ್ ಬೂಟುಗಳು ಕಡಿಮೆ, ಆದರೆ ಇವೆ. ಸೋಲನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಸ್ವಲ್ಪವಾದರೂ ತಗ್ಗಬೇಕು. ಆಮೇಲೆ ಬೂಟಿನ ಬಾಯಿ ನೋಡಿ. ಕಾಲ್ಗಿಣ್ಣಿನ ಮೇಲೆ ಬಿಗಿಯಾಗಿ ಕೂರುವ ಪಟ್ಟಿ ಇರಬೇಕು. ಮಳೆ ಪ್ಯಾಂಟನ್ನು ಆ ಪಟ್ಟಿಯ ಹೊರಗೆ ಬಿಡಬೇಕು. ಒಳಗೆ ತುರುಕಿದರೆ ಪ್ಯಾಂಟ್ ಮೇಲಿನ ನೀರೆಲ್ಲ ನೇರ ಸಾಕ್ಸಿಗೆ. ಮತ್ತೆ ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೆರಳು ಅಲ್ಲಾಡಿಸೋಕೆ ಜಾಗ ಇಲ್ಲದಿದ್ದರೆ ರಕ್ತ ಓಡಲ್ಲ, ಎಂಥ ಬೂಟಾದರೂ ಕಾಲು ತಣ್ಣಗಾಗುತ್ತೆ.

ನನ್ನನ್ನು ಕೇಳಿದರೆ, ವಾರಕ್ಕೊಮ್ಮೆ ಎರಡು ಗಂಟೆ ಓಡಿಸುವವರಿಗೆ ಬೂಟೇ ಬೇಡ. ಈಗಿರುವ ಫ್ಲ್ಯಾಟ್ ಶೂ ಜೊತೆಗೆ ಒಳಗೆ ಮೆರಿನೋ ಉಣ್ಣೆ, ನಡುವೆ ಪೊರೆ ಇರುವ ವಾಟರ್‌ಪ್ರೂಫ್ ಸಾಕ್ಸ್ ಸಾಕು. ಶೂ ನೆನೆಯುತ್ತೆ, ನೆನೆಯಲಿ. ಕಾಲು ಬೆಚ್ಚಗಿರುತ್ತೆ, ಪೆಡಲ್ ಗ್ರಿಪ್ ಹೋಗಲ್ಲ. ಸಾಕ್ಸ್ ದಪ್ಪ ಇರುವುದರಿಂದ ಶೂ ಅರ್ಧ ಸೈಜ್ ದೊಡ್ಡದು ಬೇಕಾಗಬಹುದು. ಈಗ ನಾನೂ ಹೀಗೇ ಓಡಿಸುತ್ತಿರುವುದು.

ಇನ್ನೊಂದು ವಿಷಯ. ಕಾಲು ಮರಗಟ್ಟಿ ಮನೆಗೆ ಬಂದರೆ ಹೀಟರ್ ಮೇಲೆ ಇಡಬೇಡಿ, ಬಿಸಿನೀರಿಗೂ ಅದ್ದಬೇಡಿ. ಚಿಲ್‌ಬ್ಲೇನ್ ಆಗುವ ಅಪಾಯ ಜಾಸ್ತಿ. ಬೆರಳು ಊದಿಕೊಂಡು, ವಿಪರೀತ ತುರಿಕೆ, ಉರಿ. ಹೋಗೋಕೆ ವಾರಗಳೇ ಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರೂ ಇದನ್ನೇ ಹೇಳುತ್ತಾರೆ. ಒರೆಸಿಕೊಂಡು ಒಣ ಸಾಕ್ಸ್ ಹಾಕಿ, ಕಂಬಳಿ ಹೊದ್ದು ಚಹಾ ಕುಡಿಯುತ್ತಾ ಕೂರಿ. ಬೂಟನ್ನೂ ಹೀಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಆಗಾಗ ಬದಲಿಸಿದರೆ ಆಯಿತು.

ದುಡ್ಡಿನ ಕಥೆಗೆ ಬರೋಣ. ಅಂಗಡಿಯವರು ‘ಕೆಸರಾಗಿದೆ, ಬಳಸಿದ್ದೀರಿ, ವಾಪಸ್ ತಗೊಳ್ಳಲ್ಲ’ ಅಂದರು. ಅಲ್ಲಿಗೇ ಸುಮ್ಮನಾಗಬೇಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಕೈಗೆ ಬಂದ 14 ದಿನದೊಳಗೆ ಕಾರಣ ಕೊಡದೆಯೇ ರದ್ದು ಮಾಡಬಹುದು. ಪೂರ್ತಿ ದುಡ್ಡು ಬರಬೇಕಾದರೆ ಬೂಟನ್ನು ಮನೆಯೊಳಗೆ ಕಾರ್ಪೆಟ್ ಮೇಲೆ ಮಾತ್ರ ಹಾಕಿ ನೋಡಿರಬೇಕು, ಬಳಸಿದ್ದರೆ ದುಡ್ಡು ಮುರಿದುಕೊಳ್ಳಬಹುದು. ನನ್ನದು ಬೇರೆ ದಾರಿ. 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ, ಯಾವ ಕೆಲಸಕ್ಕೆ ಬೇಕು ಅಂತ ಮೊದಲೇ ಹೇಳಿ ಕೊಂಡ ವಸ್ತು ಆ ಕೆಲಸಕ್ಕೆ ಆಗಬೇಕು. ಆಗದಿದ್ದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಬಹುದು. ಚಾಟ್‌ನ ಸ್ಕ್ರೀನ್‌ಶಾಟ್ ಹಾಕಿ, ಆ ಕಾಯ್ದೆಯ ಹೆಸರು ಬರೆದು ಮೇಲ್ ಮಾಡಿದೆ. ದನಿಯೇ ಬದಲಾಯಿತು. ಅಂಗಡಿಗೇ ಹೋಗಿ ಕೊಳ್ಳುವವರು ‘ಫ್ಲ್ಯಾಟ್ ಪೆಡಲಿಗೆ ಬೇಕು’ ಅಂತ ಮೊದಲು ಒಂದು ಮೇಲ್ ಕಳಿಸಿ, ಉತ್ತರ ಇಟ್ಟುಕೊಳ್ಳಿ. ಬಾಯಿಮಾತಿಗೆ ಸಾಕ್ಷಿ ಯಾರು?

150 ಪೌಂಡ್ ಅಕೌಂಟಿಗೆ ಬಂತು. ಬೂಟು ವಾಪಸ್ ಕಳಿಸಿದ ಪಾರ್ಸೆಲ್ ಖರ್ಚನ್ನೂ ಕಾಯ್ದೆ ಪ್ರಕಾರ ಅವರೇ ಕೊಡಬೇಕು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ, ಸೋಮವಾರ ಮತ್ತೆ ಮೇಲ್ ಹಾಕುತ್ತೇನೆ.