ರಿಸೀವರ್ ಮೂಲಕವೋ, ನೇರ ಟಿವಿಗೋ: 4ಕೆ ಚಿತ್ರಕ್ಕಾಗಿ ಮಾಡಿ ನೋಡಿದ ಮೂರು ಜೋಡಣೆಗಳು

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಳೆಯ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಪೆಟ್ಟಿಗೆ) ಇದ್ದು, ಹೊಸದಾಗಿ 4ಕೆ ಟಿವಿ ತಂದವರು ಸ್ಟ್ರೀಮಿಂಗ್ ಸ್ಟಿಕ್ಕನ್ನು (ಇಂಟರ್‌ನೆಟ್‌ನಿಂದ ಸಿನಿಮಾ ತರುವ ಪುಟ್ಟ ಸಾಧನ) ಟಿವಿಗೇ ಸಿಕ್ಕಿಸಿ, ಧ್ವನಿಯನ್ನು ಮಾತ್ರ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹಿಂದಕ್ಕೆ ಕಳುಹಿಸುವ ಸೌಲಭ್ಯ) ದಾರಿಯಲ್ಲಿ ರಿಸೀವರ್‌ಗೆ ತಂದುಕೊಳ್ಳಿ. ಇಷ್ಟನ್ನು ದೀಪಾವಳಿಯ ಹೊತ್ತಿಗೆ ಯಾರಾದರೂ ನನಗೆ ಹೇಳಿದ್ದರೆ, ಸಂಕ್ರಾಂತಿಯವರೆಗೆ ಪ್ರತಿ ಶನಿವಾರ ರಾತ್ರಿ ಅರ್ಧ ಸಿನಿಮಾಕ್ಕೇ ಎದ್ದು ಹೋಗುವ ಗತಿ ನಮ್ಮ ಮನೆಯವರಿಗೆ ಬರುತ್ತಿರಲಿಲ್ಲ.

ನಮ್ಮ ಮನೆ ಹನುಮಂತನಗರದಲ್ಲಿದೆ. 2018ರಲ್ಲಿ ಕೊಂಡ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ನದು) ಹಾಲ್‌ನ ಒಂದು ಮೂಲೆಯ ಶೋಕೇಸಿನಲ್ಲಿದೆ; ಟಿವಿ ಎದುರು ಗೋಡೆಯ ಮೇಲಿದೆ. ಎರಡರ ನಡುವೆ ಗೋಡೆಯೊಳಗಿನ ಪೈಪಿನಲ್ಲಿ 10 ಮೀಟರ್ ಉದ್ದದ ಎಚ್‌ಡಿಎಂಐ ಕೇಬಲ್ ಹಾದುಹೋಗಿದೆ. ಮನೆ ಕಟ್ಟಿಸುವಾಗಲೇ ಹಾಕಿಸಿದ ಕೇಬಲ್ ಅದು. ಹಳೆಯ 1080ಪಿ ಟಿವಿ ಇರುವಷ್ಟು ಕಾಲ ಒಂದು ದಿನವೂ ತಕರಾರು ಮಾಡಿರಲಿಲ್ಲ. ಹಾಗಾಗಿ ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಮೊದಲ ಜೋಡಣೆ: ಸ್ಟಿಕ್ ರಿಸೀವರ್‌ಗೆ, ರಿಸೀವರ್‌ನಿಂದ ಟಿವಿಗೆ. ರಿಸೀವರ್‌ಗಳ ಕೈಪಿಡಿಯಲ್ಲಿ ಮೊದಲು ಕಾಣುವುದು ಇದೇ. ಧ್ವನಿ ಎಲ್ಲಿಯೂ ಸುತ್ತಿ ಬಳಸದೆ ನೇರವಾಗಿ ರಿಸೀವರ್‌ಗೆ ಸಿಗುತ್ತದೆ ಎಂಬುದು ಇದರ ದೊಡ್ಡ ಗುಣ. ವರ್ಷಗಟ್ಟಲೆ ನಾನೂ ಹೀಗೆಯೇ ಸಿನಿಮಾ ನೋಡಿದವನು. ಹೊಸ ಟಿವಿ ಬಂದ ದಿನವೂ ಚಿತ್ರ ಸರಿಯಾಗಿಯೇ ಮೂಡಿತು. ಆದರೆ ಎಚ್‌ಡಿಆರ್ (ಬಣ್ಣ, ಬೆಳಕಿನ ಹೆಚ್ಚು ವಿಸ್ತಾರ) ಎಂಬ ಗುರುತು ಪರದೆಯ ಮೂಲೆಯಲ್ಲಿ ಕಾಣಿಸಲಿಲ್ಲ. ವಿವರ 4ಕೆಯದು, ಬಣ್ಣ ಮಾತ್ರ ಹಳೆಯ ಟಿವಿಯದೇ. ತಿಂಗಳಿಗೆ 649 ರೂಪಾಯಿ ಕೊಟ್ಟು ಅತಿ ದುಬಾರಿಯ ಚಂದಾ ತೆಗೆದುಕೊಂಡಿದ್ದೇ ಆ ಬಣ್ಣಕ್ಕಾಗಿ.

ರಿಸೀವರ್‌ನ ಮೆನುವನ್ನು ಕೆದಕಿದಾಗ ಕಾರಣ ಸಿಕ್ಕಿತು. ಆ ಕಾಲದ ಎಷ್ಟೋ ರಿಸೀವರ್‌ಗಳು ಸೆಕೆಂಡಿಗೆ 18 ಗಿಗಾಬಿಟ್ ವೇಗದ ಸಂಕೇತವನ್ನು ಸಾಗಿಸಬಲ್ಲವಾದರೂ, ಹಳೆಯ ಸಾಧನಗಳೊಂದಿಗೆ ಹೊಂದಿಕೊಳ್ಳಲೆಂದು ಕಾರ್ಖಾನೆಯಿಂದ ಕಡಿಮೆ ವೇಗಕ್ಕೆ ಹೊಂದಿಸಿಕೊಂಡೇ ಬರುತ್ತವೆ. ಡೆನಾನ್ ಕಂಪನಿಯ ರಿಸೀವರ್‌ಗಳಲ್ಲಿ ಈ ಆಯ್ಕೆಯ ಹೆಸರು '4ಕೆ ಸಿಗ್ನಲ್ ಫಾರ್ಮ್ಯಾಟ್'. ಅದನ್ನು 'ಸ್ಟ್ಯಾಂಡರ್ಡ್'ನಿಂದ 'ಎನ್‌ಹ್ಯಾನ್ಸ್ಡ್'ಗೆ ಬದಲಿಸಬೇಕು. ಟಿವಿಯಲ್ಲಿಯೂ ಇಂಥದೇ ಇನ್ನೊಂದು ಬಾಗಿಲು ಇರುತ್ತದೆ: ಎಲ್‌ಜಿಯಲ್ಲಿ 'ಡೀಪ್ ಕಲರ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್'. ಇದನ್ನು ಒಂದೊಂದು ಪೋರ್ಟ್‌ಗೂ ಬೇರೆಬೇರೆಯಾಗಿ ತೆರೆಯಬೇಕಾಗಬಹುದು. ನಾನು ಎರಡೂ ಕಡೆ ತೆರೆದೆ. ಎಚ್‌ಡಿಆರ್ ಗುರುತು ಬಂತು. ಅಂದು ರಾತ್ರಿ ಮನೆಮಂದಿಯೆಲ್ಲ ಕೂತು ಇಪ್ಪತ್ತು ನಿಮಿಷ ನೋಡುವುದರೊಳಗೆ ಪರದೆ ಕಪ್ಪಾಯಿತು. ಎರಡು ಸೆಕೆಂಡಿನಲ್ಲಿ ಚಿತ್ರ ಮರಳಿತು. ಐದು ನಿಮಿಷದಲ್ಲಿ ಮತ್ತೆ ಕಪ್ಪು.

ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಬರೆಯುತ್ತೇನೆ. ಇದೇ ತಪ್ಪನ್ನು ಮಾಡಿದ ಇಬ್ಬರು ನನ್ನ ಕಚೇರಿಯಲ್ಲಿಯೇ ಇದ್ದಾರೆ. ಸ್ಟ್ರೀಮಿಂಗ್‌ನಲ್ಲಿ ಏನು ಕೆಟ್ಟರೂ ಇಂಟರ್‌ನೆಟ್ ಮೇಲೆ ಕೈ ತೋರಿಸುವುದು ನಮ್ಮೆಲ್ಲರ ರೂಢಿ. ನಾನು 100 ಎಂಬಿಪಿಎಸ್ ಯೋಜನೆಯನ್ನು 300ಕ್ಕೆ ಏರಿಸಿದೆ. ಕಂಪನಿಯ ಹುಡುಗ ಬಂದು ರೂಟರ್ ಬದಲಿಸಿ ಹೋದ. ಪರದೆ ಕಪ್ಪಾಗುವುದು ನಿಲ್ಲಲಿಲ್ಲ. 4ಕೆಗೆ 15 ಎಂಬಿಪಿಎಸ್ ಸಾಕೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ನನ್ನ ಹಳೆಯ ಯೋಜನೆಯಲ್ಲಿ ಅದರ ಆರು ಪಟ್ಟಿಗಿಂತ ಹೆಚ್ಚಿತ್ತು. ಇಂಟರ್‌ನೆಟ್ ಸಾಲದೆ ಹೋದರೆ ಚಿತ್ರ ಮಸುಕಾಗುತ್ತದೆ, ಇಲ್ಲವೇ ನಡುವೆ ಚಕ್ರ ಸುತ್ತುತ್ತದೆ. ಚಿತ್ರವೇ ಪೂರ್ತಿ ಮಾಯವಾಗಿ, ಎರಡು ಸೆಕೆಂಡಿನ ಮೇಲೆ ಏನೂ ಆಗಿಲ್ಲವೆಂಬಂತೆ ಅದೇ ಸ್ಪಷ್ಟತೆಯಲ್ಲಿ ಮರಳುವುದು ಇಂಟರ್‌ನೆಟ್ಟಿನ ಲಕ್ಷಣವಲ್ಲ.

ಸುಳಿವು ಕೊಟ್ಟವರು ಅಮ್ಮ. "ಚಿತ್ರ ಹೋದರೂ ಮಾತು ಕೇಳುತ್ತಲೇ ಇದೆಯಲ್ಲೋ, ಅದು ಹೇಗೆ?" ಎಂದು ಕೇಳಿದರು. ಮೂರು ವಾರ ನಾನು ಗಮನಿಸದೆ ಬಿಟ್ಟಿದ್ದು ಅದನ್ನೇ. ಧ್ವನಿಯನ್ನು ರಿಸೀವರ್ ತನ್ನಲ್ಲೇ ಬೇರ್ಪಡಿಸಿಕೊಂಡು ಸ್ಪೀಕರ್‌ಗೆ ಕೊಡುತ್ತದೆ, ಚಿತ್ರವನ್ನು ಮುಂದಕ್ಕೆ ದಾಟಿಸುತ್ತದೆ. ಮಾತು ಕಡಿಯದೆ ಕೇಳುತ್ತಿದೆ ಎಂದರೆ ಇಂಟರ್‌ನೆಟ್ ಸರಿಯಿದೆ, ಸ್ಟಿಕ್ ಸರಿಯಿದೆ, ರಿಸೀವರ್‌ವರೆಗಿನ ದಾರಿಯೂ ಸರಿಯಿದೆ. ಉಳಿದದ್ದು ರಿಸೀವರ್‌ನಿಂದ ಟಿವಿಯವರೆಗಿನ ದಾರಿ, ಅಂದರೆ ಗೋಡೆಯೊಳಗಿನ ಆ ಕೇಬಲ್. ಶೋಕೇಸಿನ ಹತ್ತಿರಕ್ಕೇ ತಂಗಿಯ ಮನೆಯ ಚಿಕ್ಕ 4ಕೆ ಟಿವಿಯನ್ನು ತರಿಸಿ, ಒಂದು ಮೀಟರ್ ಕೇಬಲ್‌ನಲ್ಲಿ ರಿಸೀವರ್‌ಗೆ ಜೋಡಿಸಿ ಎರಡು ಗಂಟೆಯ ಸಿನಿಮಾ ಪೂರ್ತಿ ಓಡಿಸಿದೆ. ಒಂದು ಸಲವೂ ಪರದೆ ಕಪ್ಪಾಗಲಿಲ್ಲ.

ಕೇಬಲ್ ಯಾಕೆ ಸೋತಿತು ಎಂಬುದಕ್ಕೆ ಲೆಕ್ಕವಿದೆ. ಸೆಕೆಂಡಿಗೆ 24 ಫ್ರೇಮ್‌ಗಳ 4ಕೆ ಸಿನಿಮಾಕ್ಕೆ ಸುಮಾರು 9 ಗಿಗಾಬಿಟ್ ಸಾಕು. ಅದೇ ಸ್ಟಿಕ್ ಎಲ್ಲವನ್ನೂ 60 ಫ್ರೇಮ್‌ಗೆ ಏರಿಸಿ, ಎಚ್‌ಡಿಆರ್ ಸಮೇತ ಕಳುಹಿಸಿದರೆ ಹೊರೆ ಹೆಚ್ಚುಕಡಿಮೆ 18 ಗಿಗಾಬಿಟ್‌ವರೆಗೆ ಹೋಗುತ್ತದೆ. ನನ್ನ ಕೇಬಲ್ ಹಳೆಯದು. ಹತ್ತು ಮೀಟರ್ ತಾಮ್ರ. 'ಸ್ಟ್ಯಾಂಡರ್ಡ್' ಇದ್ದಷ್ಟು ದಿನ ಅದರ ಮೇಲೆ ಅರ್ಧ ಹೊರೆ ಇತ್ತು, ಹಾಗಾಗಿ ತಡೆದುಕೊಂಡಿತು. 'ಎನ್‌ಹ್ಯಾನ್ಸ್ಡ್' ಮಾಡಿದ ಕೂಡಲೇ ಕುಸಿಯಿತು. ಒಂದು ದೋಷವನ್ನು ಸರಿಪಡಿಸಿದಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಬಿದ್ದಿತ್ತು. ನಾನು ಮಾತ್ರ ಆ ಆಯ್ಕೆಯೇ ಕೆಟ್ಟದ್ದೆಂದು ಅದನ್ನು ಹತ್ತು ಸಲ ಹಿಂದೆ ಮುಂದೆ ಮಾಡುತ್ತ ಕೂತಿದ್ದೆ.

ಎಸ್.ಪಿ. ರಸ್ತೆಗೆ ಹೋಗಿ ಹೊಸ ಕೇಬಲ್ ಹುಡುಕಿದೆ. ಮೊದಲ ಅಂಗಡಿಯಲ್ಲಿ '4ಕೆ' ಎಂದು ದೊಡ್ಡದಾಗಿ ಅಚ್ಚಾಗಿದ್ದ ಪೊಟ್ಟಣ ಕೊಟ್ಟರು. 30 ಫ್ರೇಮ್‌ನ 4ಕೆಯೂ 4ಕೆಯೇ, ಹಾಗಾಗಿ ಆ ಮಾತನ್ನು ನಂಬಿ ಕೊಳ್ಳಬಾರದು. ನೋಡಬೇಕಾದ್ದು 'ಪ್ರೀಮಿಯಂ ಹೈ ಸ್ಪೀಡ್' ಎಂಬ ಪ್ರಮಾಣೀಕರಣದ ಚೀಟಿ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದು. 18 ಗಿಗಾಬಿಟ್‌ಗೆ ಪರೀಕ್ಷೆಯಾದ ಕೇಬಲ್ ಅದು. 48 ಗಿಗಾಬಿಟ್‌ನದು 'ಅಲ್ಟ್ರಾ ಹೈ ಸ್ಪೀಡ್'. ಇಂಥ ಚೀಟಿಯಿರುವ ತಾಮ್ರದ ಕೇಬಲ್ 10 ಮೀಟರ್ ಉದ್ದದಲ್ಲಿ ನನಗೆ ಎಲ್ಲಿಯೂ ಸಿಗಲಿಲ್ಲ. ಮೂರನೆಯ ಅಂಗಡಿಯವರು ಒಳಗೆ ಗಾಜಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತೋರಿಸಿದರು. ಬೆಲೆ ನಾಲ್ಕು ಸಾವಿರದ ಮೇಲೆ. ಉದ್ದದ ದಾರಿಗೆ ಅದೇ ಸರಿಯಾದ ಉತ್ತರ. ಆದರೆ ಅದಕ್ಕೆ ದಿಕ್ಕು ಇರುತ್ತದೆ, ಒಂದು ತುದಿ ಸಾಧನಕ್ಕೆ, ಇನ್ನೊಂದು ಟಿವಿಗೆ. ತಿರುಗಿಸಿ ಹಾಕಿದರೆ ಚಿತ್ರವೇ ಬರುವುದಿಲ್ಲ. ಗೋಡೆಗೆ ಹಾಕುವ ಮೊದಲು ನೆಲದ ಮೇಲೆ ಹಾಸಿ ಪರೀಕ್ಷಿಸಿ ಎಂದು ಅಂಗಡಿಯವರೇ ಎಚ್ಚರಿಸಿದರು. ಒಳ್ಳೆಯ ಮಾತು.

ಕೇಬಲ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಪೈಪ್ ತೋರಿಸಿದೆ. ಉಕ್ಕಿನ ತಂತಿ ತೂರಿಸಿ ನೋಡಿದರು, ಎರಡು ಕಡೆ ತಡೆಯಿತು. "ಪೈಪ್ ಮುಕ್ಕಾಲು ಇಂಚಿನದು, ಎರಡು ಕಡೆ ತಿರುಗಿದೆ ಸರ್. ಎಚ್‌ಡಿಎಂಐ ಕೇಬಲ್‌ನ ತಲೆ ಆ ಮೂಲೆ ದಾಟುವುದಿಲ್ಲ. ಗೋಡೆ ಒಡೆಯಬೇಕಾಗುತ್ತದೆ," ಎಂದರು. ಕಳೆದ ವರ್ಷವಷ್ಟೇ ಬಣ್ಣ ಬಳಿಸಿದ ಗೋಡೆ ಅದು. ಮೊದಲ ಜೋಡಣೆಯ ಆಸೆಯನ್ನು ನಾನು ಅಲ್ಲಿಗೆ ಬಿಟ್ಟೆ.

ಮನೆ ಕಟ್ಟಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟಿವಿ ಗೋಡೆಗೆ ಎರಡು ಇಂಚಿನ ಪೈಪ್ ಹಾಕಿಸಿ, ತಿರುವುಗಳನ್ನು ನಿಧಾನವಾಗಿ ಬಾಗಿಸಿ. ಈಗ ಕೆಲವು ನೂರು ರೂಪಾಯಿಯ ಮಾತು, ಆಮೇಲೆ ಗಾರೆ ಕೆಲಸ.

ಗೋಡೆ ಒಡೆಯಲಾಗದವರಿಗೆ ಇನ್ನೊಂದು ಅರೆಪರಿಹಾರವಿದೆ. ಸ್ಟಿಕ್‌ನ ಸೆಟ್ಟಿಂಗ್‌ನಲ್ಲಿ ಮೂಲ ಫ್ರೇಮ್ ದರವನ್ನೇ ಅನುಸರಿಸುವ ಆಯ್ಕೆ ಇದ್ದರೆ ಅದನ್ನು ತೆರೆಯಿರಿ. ಸಿನಿಮಾ 24 ಫ್ರೇಮ್‌ನಲ್ಲಿಯೇ ಹೊರಡುತ್ತದೆ, ಹೊರೆ ಅರ್ಧಕ್ಕೆ ಇಳಿಯುತ್ತದೆ. ನನ್ನ ಸೋತ ಕೇಬಲ್ ಕೂಡ ಹೀಗೆ ಒಂದು ಸಿನಿಮಾವನ್ನು ಪೂರ್ತಿ ದಾಟಿಸಿತು. ಆದರೆ ಎಲ್ಲ ಆ್ಯಪ್‌ಗಳೂ ಈ ಆಯ್ಕೆಯನ್ನು ಗೌರವಿಸುವುದಿಲ್ಲ, ಕ್ರಿಕೆಟ್‌ನಂಥ ನೇರಪ್ರಸಾರಕ್ಕೆ ಇದರಿಂದ ಪ್ರಯೋಜನವೂ ಇಲ್ಲ.

ಎರಡನೆಯ ಜೋಡಣೆ, ನನ್ನ ಆಯ್ಕೆ: ಸ್ಟಿಕ್ ಟಿವಿಯ ಹಿಂದೆ, ಧ್ವನಿ ಎಆರ್‌ಸಿ ಮೂಲಕ ರಿಸೀವರ್‌ಗೆ. 2009ರ ಎಚ್‌ಡಿಎಂಐ 1.4ರಿಂದ ಬಂದಿರುವ ಸೌಲಭ್ಯ ಇದು. ಅದೇ ಗೋಡೆಯೊಳಗಿನ ಕೇಬಲ್ ಈಗ ಉಲ್ಟಾ ದಿಕ್ಕಿನಲ್ಲಿ ಧ್ವನಿಯನ್ನು ಹೊರುತ್ತದೆ. 18 ಗಿಗಾಬಿಟ್‌ಗೆ ಬಿದ್ದುಹೋದ ಕೇಬಲ್‌ಗೆ ಧ್ವನಿ ಹೂವಿನ ಹೊರೆ. ಚಿತ್ರ ಒಂದು ಅಡಿ ದೂರವನ್ನಷ್ಟೇ ಕ್ರಮಿಸುತ್ತದೆ. ಹಾಕಿದ ದಿನದಿಂದ ಇವತ್ತಿನವರೆಗೆ ಪರದೆ ಒಮ್ಮೆಯೂ ಕಪ್ಪಾಗಿಲ್ಲ, ಎಚ್‌ಡಿಆರ್‌ನದೇ ಒಂದು ಮುಂದುವರಿದ ಬಗೆಯಾದ ಡಾಲ್ಬಿ ವಿಷನ್ ಕೂಡ ಬರುತ್ತಿದೆ. ರಿಸೀವರ್ ಮೂಲಕ ಹಾದಾಗ ಅದು ಬರಬೇಕಾದರೆ ರಿಸೀವರ್‌ಗೂ ಅದನ್ನು ದಾಟಿಸುವ ಶಕ್ತಿ ಇರಬೇಕು.

ಮೊದಲ ಸಂಜೆ ಧ್ವನಿ ಬಂದದ್ದು ಎರಡು ಸ್ಪೀಕರ್‌ಗಳಲ್ಲಿ ಮಾತ್ರ. ಟಿವಿಯ ಡಿಜಿಟಲ್ ಧ್ವನಿಯ ಆಯ್ಕೆ 'ಪಿಸಿಎಂ'ನಲ್ಲಿತ್ತು. ಎಆರ್‌ಸಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. 'ಪಾಸ್ ಥ್ರೂ'ಗೆ ಬದಲಿಸಿದ ಮೇಲೆ ಐದೂ ಸ್ಪೀಕರ್‌ಗಳು ಮಾತನಾಡಿದವು. ಕೇಬಲ್ಲನ್ನು ಎರಡೂ ಕಡೆ ಎಆರ್‌ಸಿ ಎಂದು ಬರೆದಿರುವ ಪೋರ್ಟ್‌ಗೇ ಹಾಕಬೇಕು, ಸಿಇಸಿ (ಸಾಧನಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ತೆರೆದಿರಬೇಕು. ಈ ಸಿಇಸಿ ಸ್ಯಾಮ್‌ಸಂಗ್‌ನಲ್ಲಿ 'ಎನಿನೆಟ್', ಎಲ್‌ಜಿಯಲ್ಲಿ 'ಸಿಂಪ್‌ಲಿಂಕ್', ಸೋನಿಯಲ್ಲಿ 'ಬ್ರಾವಿಯಾ ಸಿಂಕ್' ಎಂಬ ಹೆಸರಿನಲ್ಲಿ ಇರುವುದರಿಂದ ಹುಡುಕುವುದು ಕಷ್ಟ. ತುಟಿಯ ಚಲನೆಗಿಂತ ಮಾತು ಮುಂದಾದರೆ ರಿಸೀವರ್‌ನಲ್ಲಿ ಧ್ವನಿಯನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ.

ಎಆರ್‌ಸಿಯಲ್ಲಿ ಧ್ವನಿ ಕೆಡುತ್ತದೆಂಬ ಮಾತನ್ನು ನನ್ನ ಭಾವ ಬಹಳ ಸಲ ಹೇಳಿದ್ದಾರೆ. ಅವರು ಬ್ಲೂ-ರೇ ಡಿಸ್ಕ್ ಸಂಗ್ರಹಿಸುವವರು, ಅವರ ಮಟ್ಟಿಗೆ ಅದು ಸತ್ಯ. ಡಿಸ್ಕ್‌ನಲ್ಲಿರುವ ಟ್ರೂಎಚ್‌ಡಿ ಎಂಬ ನಷ್ಟವಿಲ್ಲದ ಧ್ವನಿ ಎಆರ್‌ಸಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಬೇಕು, ಇಲ್ಲವೇ ಪ್ಲೇಯರ್ ನೇರ ರಿಸೀವರ್‌ಗೆ ಹೋಗಬೇಕು. ಸ್ಟ್ರೀಮಿಂಗ್ ಸೇವೆಗಳು ಸಾಮಾನ್ಯವಾಗಿ ಕಳುಹಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಸಂಕುಚಿತ ಧ್ವನಿ, ಅಟ್ಮಾಸ್ (ತಲೆಯ ಮೇಲಿಂದಲೂ ಕೇಳಿಸುವ ಧ್ವನಿ) ಇದ್ದರೂ ಅದರೊಳಗೇ ಅಡಕವಾಗಿ. ಅದನ್ನು ಎಆರ್‌ಸಿ ಸಾಗಿಸಬಲ್ಲದು. ನನ್ನಲ್ಲಿ ಒಂದೂ ಡಿಸ್ಕ್ ಇಲ್ಲ. ಇನ್ನು ಆಪ್ಟಿಕಲ್ ಆಡಿಯೊ ತಂತಿ: ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಅದು ಆಗುವುದಿಲ್ಲ, ಬಿಟ್ಟುಬಿಡಿ.

ಮೂರನೆಯ ಜೋಡಣೆ: ಸ್ಟಿಕ್ಕೇ ಬೇಡ, ಟಿವಿಯೊಳಗಿನ ಆ್ಯಪ್‌ಗಳೇ ಸಾಕು. ಚಿತ್ರದಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ, ಧ್ವನಿಯೂ ಅದೇ ಎಆರ್‌ಸಿಯಲ್ಲಿ ಇಳಿಯುತ್ತದೆ. ಆದರೆ ಮೆನು ನಿಧಾನ, ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಟಿವಿ ಹತ್ತು ವರ್ಷ ಇರಬೇಕಾದ ವಸ್ತು, ಆ್ಯಪ್‌ಗಳು ಅಷ್ಟು ವರ್ಷ ಹೊಸದಾಗುತ್ತ ಹೋಗುತ್ತವೆಂಬ ನಂಬಿಕೆ ನನಗಿಲ್ಲ. ಸ್ಟಿಕ್ ಹಳೆಯದಾದರೆ ಅದನ್ನಷ್ಟೇ ಬದಲಿಸಬಹುದು.

2013ಕ್ಕೂ ಹಿಂದಿನ ರಿಸೀವರ್ ಇರುವವರಿಗೆ ಒಂದು ಮಾತು. ಸ್ಟ್ರೀಮಿಂಗ್‌ನ 4ಕೆಗೆ ದಾರಿಯಲ್ಲಿರುವ ಪ್ರತಿಯೊಂದು ಪೆಟ್ಟಿಗೆಗೂ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ವ್ಯವಸ್ಥೆ ತಿಳಿದಿರಬೇಕು. ಒಂದಕ್ಕೆ ತಿಳಿಯದಿದ್ದರೂ ಚಿತ್ರ 1080ಪಿಗೆ ಇಳಿಯುತ್ತದೆ ಅಥವಾ ಬರುವುದೇ ಇಲ್ಲ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ನಿಮಗೆ ಎರಡನೆಯ ಜೋಡಣೆಯೇ ಗತಿ, ಮತ್ತು ಅದು ಒಳ್ಳೆಯ ಗತಿ.

ಹೊಸ ಎಚ್‌ಡಿಎಂಐ 2.1 ರಿಸೀವರ್ ಕೊಳ್ಳಬಹುದಿತ್ತು. ನಾನು ವಿಚಾರಿಸಿದ್ದಕ್ಕೆ ಐವತ್ತು ಸಾವಿರದ ಮೇಲೆ ಹೇಳಿದರು. ಅದು 120 ಫ್ರೇಮ್‌ನ ಆಟ ಆಡುವವರಿಗೆ ಬೇಕು. ನಾವು ನೋಡುವುದು ಸಿನಿಮಾ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಒಪ್ಪಿಸಿದ್ದು ಹಗಲಿನ ರೂಢಿ. ಅಮ್ಮ ಮಧ್ಯಾಹ್ನ ವಾರ್ತೆ, ಧಾರಾವಾಹಿ ನೋಡುವಾಗ ಟಿವಿಯ ಸ್ಪೀಕರ್ ಸಾಕು. ಮೊದಲ ಜೋಡಣೆಯಲ್ಲಿ ಸ್ಟಿಕ್‌ನಿಂದ ಏನು ನೋಡಬೇಕಾದರೂ ರಿಸೀವರ್ ಎಚ್ಚರವಾಗಿರಬೇಕಿತ್ತು, ಮುಚ್ಚಿದ ಶೋಕೇಸಿನಲ್ಲಿ ಅದು ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಈಗ ರಾತ್ರಿ ಸಿನಿಮಾ ಹಾಕಿದಾಗ ಮಾತ್ರ ಅದು ಏಳುತ್ತದೆ, ಅದೂ ಟಿವಿಯ ರಿಮೋಟ್‌ನಿಂದಲೇ.

ಬರುವ ತಿಂಗಳಿಂದ ಇಂಟರ್‌ನೆಟ್ ಯೋಜನೆಯನ್ನು ಮತ್ತೆ 100 ಎಂಬಿಪಿಎಸ್‌ಗೆ ಇಳಿಸುತ್ತಿದ್ದೇನೆ. ಉಳಿಯುವ ಹಣವನ್ನು ಒಂದು ಒಳ್ಳೆಯ ಸೆಂಟರ್ ಸ್ಪೀಕರ್‌ಗೆ ಕೂಡಿಡಬೇಕು. ಅಮ್ಮನಿಗೆ ಮಾತು ಸ್ಪಷ್ಟವಾಗಿ ಕೇಳಬೇಕು.