ಧರ್ಮದ ಕಾಲಂನಲ್ಲಿ ಸಂಶಯಕ್ಕೆ ಜಾಗವಿಲ್ಲ: ಒಂದು ಮ್ಯಾಟ್ರಿಮೊನಿ ಆ್ಯಪ್‌ನ ವಿಮರ್ಶೆ

ತಂಗಿಗೆ ವರ ಹುಡುಕಲೆಂದು ನಾವು ಚಂದಾ ಕಟ್ಟಿ ಬಳಸಿದ ಮ್ಯಾಟ್ರಿಮೊನಿ ಆ್ಯಪ್ ಹಲವು ವಿಷಯಗಳಲ್ಲಿ ಅಚ್ಚುಕಟ್ಟಾಗಿದೆ. ಫೋಟೊಗಳನ್ನು ಅಪರಿಚಿತರಿಗೆ ಕಾಣದಂತೆ ಇಡಬಹುದು, ಫೋನ್ ನಂಬರ್ ನಾವು ಒಪ್ಪಿದ ಮೇಲಷ್ಟೇ ಎದುರಿನವರಿಗೆ ಸಿಗುತ್ತದೆ, ಪರಿಚಯವನ್ನು ಕನ್ನಡದಲ್ಲೇ ಬರೆಯಬಹುದು. ಅದು ಎಡವಿರುವುದು ನಂಬಿಕೆಯನ್ನು ಕುರಿತು ಕೇಳುವ ರೀತಿಯಲ್ಲಿ.

‘ಧಾರ್ಮಿಕ ಮನೋಭಾವ’ ಎಂಬ ಕಾಲಂನಲ್ಲಿ ಆಸ್ತಿಕ, ನಾಸ್ತಿಕ, ಅಜ್ಞೇಯತಾವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು) ಎಂಬ ಮೂರು ಆಯ್ಕೆಗಳಿವೆ, ಒತ್ತಬಹುದಾದದ್ದು ಒಂದನ್ನು ಮಾತ್ರ. ದೇವರಿದ್ದಾನೆಂದು ನನ್ನ ತಂಗಿ ನಂಬುವುದಿಲ್ಲ. ಇಲ್ಲವೆಂದು ಸಾಧಿಸಿ ತೋರಿಸಬಲ್ಲೆನೆಂದೂ ಹೇಳುವುದಿಲ್ಲ. ಮೊದಲನೆಯದು ಅವಳು ಏನನ್ನು ನಂಬುತ್ತಾಳೆ ಎಂಬುದಕ್ಕೆ ಉತ್ತರ, ಎರಡನೆಯದು ತನಗೆ ಎಷ್ಟು ಗೊತ್ತೆಂದು ಅವಳು ತಿಳಿದಿದ್ದಾಳೆ ಎಂಬುದಕ್ಕೆ ಉತ್ತರ. ಬೇರೆ ಬೇರೆಯಾದ ಈ ಎರಡು ಪ್ರಶ್ನೆಗಳನ್ನು ಒಂದೇ ಸಾಲಿಗೆ ತುರುಕಿರುವುದರಿಂದ ಅವಳು ಯಾವುದನ್ನು ಒತ್ತಿದರೂ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಅಜ್ಞೇಯತಾವಾದಿಗೆ ಇಂಗ್ಲಿಷಿನಲ್ಲಿರುವ ‘ಅಗ್ನಾಸ್ಟಿಕ್’ ಎಂಬ ಹೆಸರನ್ನು 1869ರಲ್ಲಿ ಬಳಕೆಗೆ ತಂದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ಅದನ್ನು ಒಂದು ಮತವೆಂದು ಭಾವಿಸಿರಲಿಲ್ಲ. ಆಧಾರವಿಲ್ಲದ ಮಾತನ್ನು ಖಚಿತವೆಂದು ಹೇಳಬಾರದು ಎಂಬ ವಿಚಾರಕ್ರಮವೆಂದೇ ವಿವರಿಸಿದರು. ಆ್ಯಪ್‌ನಲ್ಲಿ ಅದು ಆಸ್ತಿಕರಿಗೂ ನಾಸ್ತಿಕರಿಗೂ ನಡುವೆ ನಿಂತ ಮೂರನೆಯ ಪಂಗಡವಾಗಿದೆ, ಹುಡುಗನ ಮನೆಯವರು ಅದನ್ನು ‘ಇನ್ನೂ ನಿರ್ಧರಿಸಿಲ್ಲ’ ಎಂದು ಓದಿಕೊಳ್ಳುತ್ತಾರೆ. ತಂಗಿ ಬಹಳ ಹಿಂದೆಯೇ, ತುಂಬ ಯೋಚಿಸಿ ನಿರ್ಧರಿಸಿದ್ದಾಳೆ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ‘ನಾಸ್ತಿಕ’ ಎಂದು ಒತ್ತಿದ ಕೂಡಲೇ ಮೇಲಿನ ಧರ್ಮದ ಕಾಲಂ ತಾನಾಗಿಯೇ ‘ಧರ್ಮವಿಲ್ಲ’ ಎಂದು ಬದಲಾಗುತ್ತದೆ. ಸೃಷ್ಟಿಕರ್ತನಾದ ದೇವರನ್ನು ಒಪ್ಪದ ಜೈನ ಮತ್ತು ಬೌದ್ಧ ಧರ್ಮಗಳು ಅದೇ ಪಟ್ಟಿಯಲ್ಲಿವೆ. ಕುಮಾರಿಲಭಟ್ಟರಂತಹ ಮೀಮಾಂಸಕರು, ಅಂದರೆ ವೇದದ ವಿಧಿಗಳ ಅರ್ಥವನ್ನು ವಿವೇಚಿಸುವ ಪ್ರಾಚೀನ ದರ್ಶನದವರು, ವೇದವನ್ನೂ ಯಜ್ಞವನ್ನೂ ಎತ್ತಿಹಿಡಿಯುತ್ತಲೇ ಜಗತ್ತಿಗೆ ಕರ್ತೃವೊಬ್ಬನಿದ್ದಾನೆಂಬ ವಾದವನ್ನು ಖಂಡಿಸಿದರು. ಇಷ್ಟು ಹಳೆಯ ವಿವೇಚನೆ ನಮ್ಮಲ್ಲೇ ಇರುವಾಗ, ದೇವರನ್ನು ನಂಬದವರಿಗೆ ಮನೆತನ, ಹಬ್ಬ, ಊರಿನ ಜಾತ್ರೆ ಯಾವುದೂ ಇಲ್ಲವೆಂಬಂತೆ ಆ್ಯಪ್ ನಡೆದುಕೊಳ್ಳುವುದು ನನಗೆ ನೋವಿನ ಸಂಗತಿ. ಬಂದ ಪ್ರಸ್ತಾಪಗಳೂ ಆ ಬದಲಾವಣೆಯ ನಂತರ ಬಹುಪಾಲು ನಿಂತುಹೋದವು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಮಾತನಾಡಿದ ಹುಡುಗಿ ಬಹಳ ಸೌಜನ್ಯದಿಂದ, “ಹಿಂದೂ ಅಂತಾನೇ ಹಾಕ್ಬಿಡಿ ಮೇಡಂ, ನಕ್ಷತ್ರನೂ ಹಾಕಿ, ಪ್ರಪೋಸಲ್ ಜಾಸ್ತಿ ಬರುತ್ತೆ” ಎಂದಳು. ಅವಳದು ತಪ್ಪಲ್ಲ, ಆ್ಯಪ್ ಇರುವುದೇ ಹಾಗೆ. ಆದರೆ ಜೀವನಪೂರ್ತಿ ಜೊತೆಗಿರಬೇಕಾದವರ ಪರಿಚಯವನ್ನು ಒಂದು ಸುಳ್ಳಿನಿಂದ ಆರಂಭಿಸಿ ಎಂಬ ಸಲಹೆಯನ್ನು ನಾವು ಒಪ್ಪಲಿಲ್ಲ. 2011ರ ಜನಗಣತಿಯಲ್ಲಿ ಧರ್ಮವನ್ನು ತಿಳಿಸದೆ ಇದ್ದವರು ಸುಮಾರು 29 ಲಕ್ಷ. ಅವರೆಲ್ಲ ನಾಸ್ತಿಕರೆಂದು ಭಾವಿಸಬೇಕಿಲ್ಲ. ಆ ಪ್ರಶ್ನೆಗೆ ಉತ್ತರಿಸದೆ ಇರಲು ಗಣತಿಯಲ್ಲಿ ಅವಕಾಶವಿತ್ತು ಎಂಬುದನ್ನು ಆ್ಯಪ್ ರೂಪಿಸುವವರು ಗಮನಿಸಬೇಕು.

ನಿಜವಾಗಿ ಕೇಳಬೇಕಾದದ್ದು ಹಣೆಪಟ್ಟಿಗಳನ್ನಲ್ಲ. ಮನೆದೇವರ ಪೂಜೆಯಲ್ಲಿ ಜೊತೆಗೆ ಕೂರುತ್ತೀರಾ, ಕೂರದಿದ್ದರೆ ಕೂರುವವರನ್ನು ಗೌರವಿಸುತ್ತೀರಾ, ಮಕ್ಕಳಿಗೆ ಏನು ಕಲಿಸುತ್ತೀರಿ, ಪುರೋಹಿತರಿಲ್ಲದೆ, ಮುಹೂರ್ತ ನೋಡದೆ ಕುವೆಂಪು ಅವರ ಮಂತ್ರ ಮಾಂಗಲ್ಯದ ರೀತಿಯಲ್ಲಿ ಅಥವಾ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಒಪ್ಪುತ್ತೀರಾ ಎಂಬ ನಾಲ್ಕು ಪ್ರಶ್ನೆಗಳಿದ್ದರೆ ಎರಡು ಮನೆಗಳ ಎಷ್ಟೋ ಮನಸ್ತಾಪ ಮೊದಲೇ ತಪ್ಪುತ್ತಿತ್ತು.

ಜಾತಿ, ಗೋತ್ರ, ಜಾತಕ ನೋಡಿ ಹುಡುಕುವ ಕುಟುಂಬಗಳಿಗೆ ಈ ಸೇವೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ತಂಗಿಯಂತಹವರು ಚಂದಾ ಕಟ್ಟುವ ಅಗತ್ಯವಿಲ್ಲ. ಉಚಿತ ಖಾತೆ ತೆರೆದು, ಕಡ್ಡಾಯವಲ್ಲದ ಆ ಮನೋಭಾವದ ಕಾಲಂ ಖಾಲಿ ಬಿಟ್ಟು, ‘ನನ್ನ ಬಗ್ಗೆ’ ಎಂಬಲ್ಲಿ ತಮ್ಮ ನಿಲುವನ್ನು ಎರಡು ವಾಕ್ಯಗಳಲ್ಲಿ ನೇರವಾಗಿ ಬರೆಯುವುದು ಒಳ್ಳೆಯದು. ನಾವು ಹಾಗೆ ಬರೆದ ಮೇಲೆ ಬಂದ ಪ್ರಸ್ತಾಪಗಳು ಕೆಲವೇ ಆದರೂ, ಬರೆದವರೆಲ್ಲ ಆ ಎರಡು ವಾಕ್ಯಗಳನ್ನು ಓದಿಯೇ ಬರೆದಿದ್ದರು.