ಕ್ಯಾಂಪರ್ ವ್ಯಾನಿಗೆ ಸೀಸದ ಬ್ಯಾಟರಿಯೋ, ಲಿಥಿಯಂ ಬ್ಯಾಟರಿಯೋ?

ಮನೆಯ ಯುಪಿಎಸ್‌ಗೆ ಬಳಸುವ ಟ್ಯೂಬ್ಯುಲರ್ ಬ್ಯಾಟರಿ ಅಗ್ಗವಾಗಿ ಎಲ್ಲ ಊರುಗಳಲ್ಲಿಯೂ ಸಿಗುತ್ತದೆಯಾದರೂ, ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲವನ್ನು ಬಿಡುವ ಅದನ್ನು ನಾವು ಮಲಗುವ ವ್ಯಾನಿನೊಳಗೆ ಇಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಘಾಟಿಯ ತಿರುವುಗಳಲ್ಲಿ ಆಮ್ಲ ತುಳುಕುವ ಭಯ ಬೇರೆ. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ, ಮುಚ್ಚಿದ ಎಜಿಎಂ ಬ್ಯಾಟರಿ ಇದಕ್ಕಿಂತ ವಾಸಿ. ಆದರೆ ಸೀಸದ ಬ್ಯಾಟರಿ ಯಾವುದೇ ಇರಲಿ, ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದಾದರೆ ಅದರ ಆಯಸ್ಸು ಬೇಗ ಕುಗ್ಗುವುದರಿಂದ, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಬಳಕೆಗೆ ದಕ್ಕುವುದು ಸುಮಾರು 600 ವಾಟ್-ಅವರ್ ಮಾತ್ರ.

ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ಸುಮಾರು 1,000 ವಾಟ್-ಅವರ್ ತೆಗೆಯಬಹುದು. ತೂಕವೂ ಅರ್ಧಕ್ಕಿಂತ ಕಡಿಮೆ. ಖರೀದಿಯ ಬೆಲೆ ಹೆಚ್ಚಾದರೂ ಅದು ಸಾವಿರಾರು ಬಾರಿ ಚಾರ್ಜ್ ಆಗಿ ಬಾಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಮಾತ್ರ ಅದನ್ನು ಚಾರ್ಜ್ ಮಾಡಬಾರದು. ಚಳಿಗಾಲದಲ್ಲಿ ಲಡಾಖಿಗೆ ಹೋಗುವವರು ಇದನ್ನು ಮರೆಯದಿರಲಿ.

ಬ್ಯಾಟರಿಯನ್ನು ಚಾರ್ಜ್ ಮಾಡಲು ವ್ಯಾನಿನ ಛಾವಣಿಯ ಮೇಲೆ ಬಾಗುವ ಸೌರ ಫಲಕವನ್ನು ಅಂಟಿಸುವುದು ಸುಲಭ, ನೋಡಲೂ ಚೆಂದ. ಆದರೆ ಬಿಸಿಯೇರಿದಷ್ಟೂ ಫಲಕದ ಉತ್ಪಾದನೆ ಇಳಿಯುವುದರಿಂದ, ಅಡಿಯಲ್ಲಿ ಗಾಳಿಯಾಡುವಂತೆ ಕೂರಿಸಿದ ಗಟ್ಟಿ ಚೌಕಟ್ಟಿನ ಫಲಕವನ್ನೇ ನಾನು ಆರಿಸುತ್ತೇನೆ.

ಬ್ಯಾಟರಿ ಯಾವುದಾದರೂ ತಂತಿಯಲ್ಲಿ ಉಳಿತಾಯ ಬೇಡ. 1,000 ವಾಟ್ ಇನ್ವರ್ಟರ್ 12 ವೋಲ್ಟಿನಲ್ಲಿ 90 ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ತಂತಿಯ ತುದಿಗೆ ಹಾಕುವ ಲೋಹದ ಲಗ್ಗನ್ನು ಸರಿಯಾಗಿ ಒತ್ತಿ ಕೂರಿಸದಿದ್ದರೆ ಆ ಜೋಡಣೆಯೇ ಕಾದು ತಂತಿಯ ಹೊದಿಕೆ ಕರಗುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೆ ಫ್ಯೂಸ್ ಇರಲೇಬೇಕು.